ಅತ್ತೆ ಬಾಯಿ ತೆರೆದದ್ದು

ಜನರ ಬಾಯಿ ತೆರೆಸುವುದು ನನ್ನ ಉದ್ಯೋಗದ ಒಂದು ಭಾಗವಾಗಿತ್ತು. ನಾನು ಡಾಕ್ಟರೂ ಅಲ್ಲ, ಹಲ್ಲು ಕೀಳುವವಳೂ ಅಲ್ಲ. ಐವತ್ತರ ದಶಕದ ಕೊನೆಯಲ್ಲಿ ಮದರಾಸಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸಕ್ಕೆ ಸೇರಿದ್ದೆ. ಕೈಕಾಲು, ಎದೆಗೂಡು ಇವೆಲ್ಲ ಸುಲಭ. ಮಲಗಿಸಿ, ಉಸಿರು ಹಿಡಿಯಿರಿ ಎಂದು ಹೇಳಿ, ಗುಂಡಿ ಒತ್ತಿದರೆ ಮುಗಿಯಿತು. ನನ್ನನ್ನು ಸತಾಯಿಸುತ್ತಿದ್ದದ್ದು ಕತ್ತಿನ ಮೇಲ್ತುದಿಯ ಎರಡು ಮೂಳೆಗಳು. ಮುಂದಿನಿಂದ ತೆಗೆದರೆ ದವಡೆ ಅಡ್ಡ ಬರುತ್ತದೆ, ಹಲ್ಲು ಅಡ್ಡ ಬರುತ್ತದೆ. ಅವನ್ನು ನೋಡಲು ದೇವರು ಇಟ್ಟಿರುವ ಕಿಟಕಿ ತೆರೆದ ಬಾಯಿ ಒಂದೇ.

ಆ ಎರಡು ಮೂಳೆಗಳಲ್ಲಿ ಕೆಳಗಿನದರ ಮೇಲೆ ಒಂದು ಪುಟ್ಟ ಗೂಟ ನಿಂತಿರುತ್ತದೆ. ಮೇಲಿನ ಮೂಳೆ ಬಳೆಯ ಹಾಗೆ ಆ ಗೂಟದ ಸುತ್ತ ಕೂತಿರುತ್ತದೆ. ಬೀಸುಕಲ್ಲು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಕಲ್ಲು ನಡುವಿನ ಗೂಟದ ಸುತ್ತ ತಿರುಗುವಂತೆಯೇ ನಮ್ಮ ತಲೆಯೂ ತಿರುಗುವುದು. ಗೂಟದ ಬೆನ್ನಿಗೇ ಬೆನ್ನುಹುರಿ ಇಳಿದಿರುತ್ತದೆ. ಗೂಟ ಮುರಿದರೂ ಇದ್ದಲ್ಲೇ ಇದ್ದರೆ ಮನುಷ್ಯ ಬದುಕುತ್ತಾನೆ, ಜಾರಿದರೆ ಹೋಗುತ್ತಾನೆ.

ಅದಕ್ಕೆ ರೋಗಿಯನ್ನು ಅಂಗಾತ ಮಲಗಿಸಿ ಬಾಯನ್ನು ಆದಷ್ಟೂ ಅಗಲಿಸಬೇಕು. ಗದ್ದ ಹೆಚ್ಚು ಮೇಲಾದರೆ ಬುರುಡೆಯ ನೆರಳು ಗೂಟದ ಮೇಲೆ ಬೀಳುತ್ತದೆ, ಕೆಳಗಾದರೆ ಮೇಲಿನ ಹಲ್ಲಿನ ನೆರಳು. ನಾಲಿಗೆ ಎದ್ದು ನಿಲ್ಲದಿರಲೆಂದು "ಆ" ಅನ್ನಿಸಬೇಕು. ಬಿದ್ದು ಬಂದವರಾದರೆ ತಲೆಯನ್ನು ಅಲುಗಿಸುವ ಹಾಗೇ ಇಲ್ಲ, ಮೇಲಿನ ಯಂತ್ರವನ್ನೇ ಓರೆ ಮಾಡಿಕೊಳ್ಳಬೇಕು. ನಾನು ರೋಗಿಯ ಮುಖದ ಮೇಲೆ ಬಾಗಿ ನನ್ನ ಬಾಯನ್ನೇ ತೆರೆದು ತೋರಿಸುತ್ತಿದ್ದೆ. ಆಮೇಲೆ ಸೀಸದ ಪರದೆಯ ಹಿಂದೆ ಓಡಿಹೋಗಿ ಅಲ್ಲಿಂದಲೂ ರೋಗಿಯ ಜೊತೆಗೆ "ಆ" ಅನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಇದು ತಮಾಷೆ. "ಸಂಗೀತಂ ಆರಂಬಿಚ್ಚಾಚ್ಚು" ಎಂದು, ಸಂಗೀತ ಶುರುವಾಯಿತೆಂದು, ನಮ್ಮ ತಮಿಳು ಆಯಾ ನಗುತ್ತಿದ್ದಳು. ನಗಲಿ. ಈ ವಿದ್ಯೆ ನನಗೆ ಬಂದದ್ದು ಟ್ರೈನಿಂಗಿನಿಂದಲ್ಲ, ನನ್ನ ಅತ್ತೆಯಿಂದ.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆ ಅಂದರೇನು ಎಂದು ತಿಳಿಯುವ ಮೊದಲೇ ಮದುವೆಯೂ ಆಗಿ ಗಂಡನೂ ಹೋಗಿ, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದ ಹೆಂಗಸು. ನನ್ನನ್ನು ಹೆತ್ತ ಕೆಲವೇ ದಿನಕ್ಕೆ ಅಮ್ಮ ತೀರಿಕೊಂಡಾಗ ಈ ಅತ್ತೆಯೇ ನನ್ನನ್ನು ಎತ್ತಿಕೊಂಡಳು. ತಿರುವಲ್ಲಿಕ್ಕೇಣಿಯ ನಮ್ಮ ಬಾಡಿಗೆ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ, ಸಾರನ್ನ ಕಲೆಸಿ, ತುತ್ತು ಹಿಡಿದು "ಆ ಅನ್ನು ಪುಟ್ಟೀ" ಎನ್ನುವಾಗ ಅವಳ ಬಾಯೂ ತಾನಾಗಿ ತೆರೆದುಕೊಳ್ಳುತ್ತಿತ್ತಂತೆ. ಅಪ್ಪ ಹೇಳುತ್ತಿದ್ದರು. ನಾನು ದೊಡ್ಡವಳಾದ ಮೇಲೆ ಅವಳು ಬಾಯಿ ತೆರೆದದ್ದನ್ನು ಕಂಡದ್ದಿಲ್ಲ. ನಗು ಬಂದರೂ ಸೆರಗಿನ ತುದಿ ಬಾಯಿಗೆ ಬರುತ್ತಿತ್ತು.

ಅವಳ ಮಡಿ ಬಲು ಕಟ್ಟುನಿಟ್ಟು. ಬಾವಿಯ ನೀರೇ ಆಗಬೇಕು, ಕೊಳಾಯಿ ನೀರು ಅವಳ ಗಂಟಲಲ್ಲಿ ಇಳಿದದ್ದಿಲ್ಲ. ತಾನು ತಲೆಯ ಮೇಲೆ ನೀರು ಸುರಿದುಕೊಂಡು ಮಡಿಯುಟ್ಟು ಬೇಯಿಸಿದ್ದನ್ನೇ ಉಣ್ಣುವುದು. ನಾನು ಕೆಲಸಕ್ಕೆ ಸೇರಿದಾಗ ಅವಳು ಬೇಡ ಎನ್ನಲಿಲ್ಲ. ಆದರೆ ಎಂಥೆಂಥವರ ಮೈ ಮುಟ್ಟಿ ಬರುವವಳು ಎಂದು ಅಂದಿನಿಂದ ನನ್ನನ್ನು ಮುಟ್ಟುವುದನ್ನು ಬಿಟ್ಟಳು. ಸಂಜೆ ಬಾಗಿಲಲ್ಲಿ ಕಾಲಿಟ್ಟರೆ ಒಳಗಿನಿಂದ ಒಂದೇ ಪ್ರಶ್ನೆ: "ಸ್ನಾನ ಆಯ್ತೇನೆ?" ಈಗ ತಾನೇ ಬರುತ್ತಿರುವವಳಿಗೆ ಸ್ನಾನ ಎಲ್ಲಿಂದ ಆಗಬೇಕು? ನನಗೆ ಮೈಯೆಲ್ಲ ಉರಿಯುತ್ತಿತ್ತು. "ಬಸ್ಸಿನಲ್ಲೇ ಮಾಡಿಕೊಂಡು ಬಂದೆ" ಎಂದು ರೇಗುತ್ತಿದ್ದೆ. ಬೆಳಿಗ್ಗೆ ಮಾತ್ರ ನನ್ನ ಮೊಸರನ್ನದ ಡಬ್ಬಿ ಹೊಸ್ತಿಲ ಮೇಲೆ ಕಾದಿರುತ್ತಿತ್ತು. ಅವಳು ಇಟ್ಟು ದೂರ ಸರಿಯಬೇಕು, ಆಮೇಲೆ ನಾನು ತೆಗೆದುಕೊಳ್ಳಬೇಕು. ಸ್ನಾನ ಮುಗಿಸಿ ಬಂದರೂ ಅಷ್ಟು ಹೊತ್ತಿಗೆ ಅವಳು ರಾತ್ರಿಯ ಜಪಕ್ಕೆ ಕೂತಿರುತ್ತಿದ್ದಳು. ಹೀಗೆ ವರ್ಷಗಳೇ ಕಳೆದವು.

ಒಂದು ಬೆಳಿಗ್ಗೆ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿದ ಅತ್ತೆ, ಹಣೆಯನ್ನು ಬಟ್ಟೆ ಒಗೆಯುವ ಕಲ್ಲಿಗೆ ಹೊಡೆದುಕೊಂಡು ಬಿದ್ದಳು. ಎದ್ದು, ಇನ್ನೊಮ್ಮೆ ನೀರು ಹೊಯ್ದುಕೊಂಡು, ಅಡಿಗೆಯನ್ನೂ ಮಾಡಿದಳು. ಕತ್ತು ಉಳುಕಿದೆ ಎಂದು ಅಪ್ಪನ ತೀರ್ಮಾನ. ಅಪ್ಪ ಗಿಂಡಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಉಳುಕು ತೆಗೆಯುವವನೊಬ್ಬ ಸೈದಾಪೇಟೆಯಲ್ಲಿ ಇದ್ದಾನೆ, ಎಣ್ಣೆ ಹಚ್ಚಿ ಒಂದು ಸಲ ತಿರುಗಿಸಿದರೆ ಸರಿಹೋಗುತ್ತದೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು.

ಮರುದಿನ ಅತ್ತೆ ಚಾಪೆಯಿಂದ ಏಳುವುದನ್ನು ನಾನು ನೋಡಿದೆ. ಎರಡೂ ಕೈಯಲ್ಲಿ ತನ್ನ ತಲೆಯನ್ನೇ ಹಿಡಿದು, ತುಂಬಿದ ಪಾತ್ರೆಯನ್ನು ಎತ್ತುವ ಹಾಗೆ ಎತ್ತಿಕೊಂಡು ಎದ್ದಳು. ತೆಂಗಿನ ಮರದಿಂದ ಬಿದ್ದವನೊಬ್ಬ ನಮ್ಮ ಎಕ್ಸ್-ರೇ ಮೇಜಿನ ಮೇಲೆ ಹೀಗೆಯೇ ತಲೆ ಹಿಡಿದುಕೊಂಡು ಎದ್ದು ಕೂತಿದ್ದ. ಅವನ ಗೂಟ ಮುರಿದಿತ್ತು.

"ಅಪ್ಪ, ಉಳುಕು ತೆಗೆಯುವವನು ಈ ಮನೆಗೆ ಬಂದರೆ ನಾನು ಪೊಲೀಸರನ್ನು ಕರೆಯುತ್ತೇನೆ" ಎಂದೆ.

"ಏನೇ ಇದು, ಸುಮ್ಮಾ ಹೆದರಿಸ್ತೀಯಾ?"

"ಅತ್ತೆಯನ್ನು ಆಸ್ಪತ್ರೆಗೆ ಕರಕೊಂಡು ಹೋಗಬೇಕು. ಈಗಲೇ."

ಅತ್ತೆ ಒಪ್ಪಲಿಲ್ಲ. ಆಸ್ಪತ್ರೆ ಅಂದರೆ ಅವಳಿಗೆ ಮಸಣಕ್ಕಿಂತ ಮೈಲಿಗೆ. ಕೊನೆಗೆ ಅಪ್ಪ, "ಅಕ್ಕಾ, ಫೋಟೋ ಅಷ್ಟೇ. ಹೋಗಿ ಬಂದು ಸ್ನಾನ ಮಾಡಿದರಾಯ್ತು" ಎಂದರು. ನಾನು ಅಪ್ಪನನ್ನು ದುರುಗುಟ್ಟಿ ನೋಡಿದೆ. ಆದರೆ ಆ ಮಾತಿನಿಂದಲೇ ಅವಳು ಹೊರಟಳು.

ಮೇಜಿನ ಮೇಲೆ ಮಲಗಿಸಿ ಅವಳ ತಲೆಯನ್ನು ಎರಡು ಅಂಗೈಯಲ್ಲಿ ಹಿಡಿದೆ. ಸೆರಗಿನಡಿಯ ಬೋಳುತಲೆ ನನ್ನ ಕೈಗೆ ಒರಟಾಗಿ ತಾಗಿತು. ಅವಳನ್ನು ಮುಟ್ಟಿ ಎಷ್ಟು ಕಾಲವಾಗಿತ್ತು! ಕೆಲಸ ಮರೆತು ಒಂದು ಗಳಿಗೆ ಸುಮ್ಮನೆ ಹಿಡಿದುಕೊಂಡೇ ನಿಂತೆ. ಅವಳಿಗೂ ಗೊತ್ತಾಯಿತೋ ಏನೋ, "ಕೈ ತಣ್ಣಗಿದೆ ಕಣೇ" ಎಂದಳು.

"ಸೆರಗು ತೆಗೀಬೇಕೇನೆ?"

"ಬೇಡ. ಬಟ್ಟೆ ಇದರಲ್ಲಿ ಬೀಳುವುದಿಲ್ಲ, ಬರೀ ಮೂಳೆ ಬೀಳುತ್ತದೆ."

"ಬೋಳುತಲೆ ಬೀಳತ್ತೇನೆ?"

"ನಿನ್ನದೂ ನನ್ನದೂ ಒಂದೇ ಥರ ಬೀಳುತ್ತದೆ ಅತ್ತೆ."

ಅದನ್ನು ಕೇಳಿ ಅವಳಿಗೆ ಸಮಾಧಾನವಾದಂತೆ ಕಂಡಿತು. ಆದರೆ ಬಾಯಿ ತೆರೆ ಎಂದಾಗ ತುಟಿ ಮಾತ್ರ ಬಿರಿಯಿತು. ಆಯಾ ಪಕ್ಕದಿಂದ, "ವಾಯ ನಲ್ಲಾ ತೊರ ಪಾಟಿ" ಎಂದು, ಬಾಯಿ ಚೆನ್ನಾಗಿ ತೆರೆ ಅಜ್ಜಿ ಎಂದು, ಕೂಗಿದಳು. ಅದಕ್ಕೆ ಅತ್ತೆ ತೆರೆದಿದ್ದಷ್ಟು ಬಾಯನ್ನೂ ಮುಚ್ಚಿದಳು. ಬಾಯಿ ತೆರೆದಿರಲಾರದವರಿಗೆ ಹಲ್ಲುಗಳ ನಡುವೆ ಕಚ್ಚಲು ನಾವು ಬಿರಡೆ ಕೊಡುತ್ತಿದ್ದೆವು. ಪ್ರತಿ ಸಲವೂ ಕುದಿಸಿ ತಟ್ಟೆಯಲ್ಲಿ ಇಡುತ್ತಿದ್ದೆವು. ಆಯಾ ಒಂದನ್ನು ಎತ್ತಿಕೊಂಡು ಬಂದಳು.

"ಅದೇನು? ಯಾರ ಬಾಯಲ್ಲಿದ್ದದ್ದು?"

"ಕುದಿಸಿದ್ದು ಅತ್ತೆ."

"ಕುದಿಸಿದರೆ ಎಂಜಲು ಹೋಗತ್ತೇನೆ? ಅಯ್ಯೋ ಕರ್ಮವೇ! ಊರವರ ಎಂಜಲು ಕಚ್ಚೋಕೆ ನನ್ನ ಇಲ್ಲಿಗೆ ಕರ್ಕೊಂಡು ಬಂದ್ಯಾ? ವೇಂಡಾ, ವೇಂಡಾ. ಕತ್ತು ಮುರಿದರೆ ಮುರೀಲಿ."

ನನಗೆ ಅಳುವೂ ಬಂತು, ನಗುವೂ ಬಂತು. ಆಯಾಳನ್ನು ಹೊರಗೆ ಕಳಿಸಿದೆ. ಅತ್ತೆಯ ಮುಖದ ಮೇಲೆ ಬಾಗಿ, ನನ್ನ ಬಾಯನ್ನು ಕಿವಿಯವರೆಗೂ ತೆರೆದು, "ಆ ಅನ್ನು ಅತ್ತೆ" ಎಂದೆ.

ಅವಳು ನನ್ನನ್ನೇ ನೋಡಿದಳು. ಹಿತ್ತಲ ಮೆಟ್ಟಿಲು ನೆನಪಾಯಿತೋ, ನನ್ನ ಅವತಾರ ನೋಡಿ ಕನಿಕರ ಬಂತೋ, ತಿಳಿಯದು. ಬಾಯಿ ತೆರೆಯಿತು. ವೀಳ್ಯದ ರುಚಿಯನ್ನೇ ಕಾಣದ ಆ ಬಾಯಿಯ ಹಲ್ಲುಗಳು ಹುಡುಗಿಯ ಹಲ್ಲಿನಂತೆ ಬೆಳ್ಳಗೆ ಸಾಲಾಗಿದ್ದವು. ನಾನು ಪರದೆಯ ಹಿಂದೆ ಓಡಿದೆ. ಅವಳು ಅಲ್ಲಿ "ಆ" ಅನ್ನುತ್ತಿದ್ದಳು, ನಾನು ಇಲ್ಲಿ.

ಕತ್ತಲೆ ಕೋಣೆಯ ಕೆಂಪು ದೀಪದಡಿ ಫಿಲ್ಮ್ ಅನ್ನು ದ್ರಾವಣದಲ್ಲಿ ಅದ್ದಿ ಹಿಡಿದು ಕಾದೆ. ಮೊದಲು ಹಲ್ಲಿನ ಸಾಲು ಮೂಡಿತು, ಅದರ ಕೆಳಗೆ ಗೂಟ. ಗೂಟದ ಬುಡದಲ್ಲಿ ಒಂದು ಕಪ್ಪು ಗೆರೆ ಅಡ್ಡ ಹಾದಿತ್ತು. ಹಲ್ಲಿನ ನೆರಳಾಗಿರಲಿ ಎಂದು ಬೇಡಿಕೊಂಡೆ. ನಾನು ಅಷ್ಟು ಚೆನ್ನಾಗಿ ತೆಗೆದ ಚಿತ್ರದಲ್ಲಿ ನೆರಳಿಗೆ ಜಾಗವೇ ಇರಲಿಲ್ಲ.

"ಮುರಿದಿದೆ, ಆದರೆ ಜಾರಿಲ್ಲ. ನಿನ್ನ ಅತ್ತೆ ಅದೃಷ್ಟವಂತೆ" ಎಂದರು ದೊಡ್ಡ ಡಾಕ್ಟರು. ಗದ್ದದಿಂದ ಎದೆಯವರೆಗೆ, ಹಿಂದೆ ತಲೆಯ ಅರ್ಧದವರೆಗೆ ಪ್ಲಾಸ್ಟರ್ ಕಟ್ಟಿಸಿದರು. ತಿಂಗಳುಗಟ್ಟಲೆ ಇರಬೇಕು. ಬಾಗುವಂತಿಲ್ಲ, ಭಾರ ಎತ್ತುವಂತಿಲ್ಲ, ಮುಖ್ಯವಾಗಿ ನೀರು ತಾಗುವಂತಿಲ್ಲ. ನೀರು ಹೀರಿದರೆ ಪ್ಲಾಸ್ಟರ್ ಮೆತ್ತಗಾಗುತ್ತದೆ. ನಾನು ಎಲ್ಲವನ್ನೂ ಅತ್ತೆಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಬೀಸುಕಲ್ಲಿನ ಗೂಟದ ಮಾತನ್ನೂ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಹಾಗಾದರೆ ತಲೆಗೆ ನೀರು?" ಎಂದಳು.

"ಇಲ್ಲ."

"ಏಕಾದಶಿ ಮಾರನೇ ದಿನವೂ?"

"ಯಾವ ದಿನವೂ ಇಲ್ಲ ಅತ್ತೆ."

ತಲೆಗೆ ನೀರಿಲ್ಲವೆಂದರೆ ಮಡಿಯಿಲ್ಲ. ಮಡಿಯಿಲ್ಲವೆಂದರೆ ಒಲೆಯ ಬಳಿ ಹೋಗುವಂತಿಲ್ಲ, ದೇವರ ಕೋಣೆಗೆ ಹೋಗುವಂತಿಲ್ಲ, ಅನ್ನ ಉಣ್ಣುವಂತಿಲ್ಲ. ಹೀಗೆ ಅವಳ ಬದುಕೆಲ್ಲ ಆ ಒಂದು ತಂಬಿಗೆ ನೀರಿನ ಮೇಲೆ ನಿಂತಿತ್ತು. ಅವಳನ್ನು ನಡುಮನೆಯ ಕಿಟಕಿಯ ಬಳಿ ಮಲಗಿಸಿದೆವು. ಹಾಲು, ಬಾಳೆಹಣ್ಣು, ನೆನೆಸಿದ ಅವಲಕ್ಕಿ, ಅಷ್ಟರಲ್ಲೇ ಅವಳು ದಿನ ತಳ್ಳಿದಳು.

ಈಗ ಹೇಳಿಬಿಡುತ್ತೇನೆ, ಆ ದಿನಗಳಲ್ಲಿ ನಾನು ಬಹಳ ಸುಖವಾಗಿದ್ದೆ. ಅತ್ತೆಯೇ ಮೈಲಿಗೆಯಾಗಿದ್ದ ಮೇಲೆ ನನ್ನ ಮೈಲಿಗೆ ಯಾವ ಲೆಕ್ಕ? ಸಂಜೆ ಬಂದವಳು ನೇರ ಅವಳ ಪಕ್ಕಕ್ಕೆ ಹೋಗಿ ಕೂರುತ್ತಿದ್ದೆ. ಪ್ಲಾಸ್ಟರ್ ಗದ್ದಕ್ಕೆ ಆನಿಕೊಂಡಿದ್ದುದರಿಂದ ಅವಳ ಬಾಯಿ ಸ್ವಲ್ಪವೇ ತೆರೆಯುತ್ತಿತ್ತು. ಅವಲಕ್ಕಿಯನ್ನು ಚಮಚದ ತುದಿಯಲ್ಲಿ ಹಿಡಿದು "ಆ ಅನ್ನು" ಎನ್ನುತ್ತಿದ್ದೆ. "ಸಾಕು ಹೋಗೇ, ಎಕ್ಸ್-ರೇ ತೆಗೆಯೋಕೆ ಬಂದಳು" ಎಂದು ಅವಳು ನಗುತ್ತಿದ್ದಳು. ಸೆರಗನ್ನು ಬಾಯಿಗೆ ಎಳೆದುಕೊಳ್ಳಲು ಆಗುತ್ತಿರಲಿಲ್ಲ, ಪ್ಲಾಸ್ಟರ್ ಅಡ್ಡ.

ಕ್ಷೌರಿಕನೂ ಬರುವಂತಿರಲಿಲ್ಲ. ಹಾಗಾಗಿ ಅವಳ ತಲೆಯ ಮೇಲೆ ಕೂದಲು ಬೆಳೆಯತೊಡಗಿತು. ಮೊದಲು ಬೆಳ್ಳಗೆ ಮುಳ್ಳುಮುಳ್ಳಾಗಿ ಬಂದದ್ದು ಬರಬರುತ್ತ ಮೆತ್ತಗಾಯಿತು, ಆಮೇಲೆ ಸುರುಳಿ ಸುತ್ತಿಕೊಂಡಿತು. ನನ್ನ ಕೂದಲೂ ಹಾಗೆಯೇ, ಬಾಚಣಿಗೆ ಮುರಿಯುವಷ್ಟು ಗುಂಗುರು. ಅದು ಅಮ್ಮನಿಂದ ಬಂದದ್ದಿರಬೇಕು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅಮ್ಮನದು ನೀಳ ಕೂದಲು ಎಂದು ಆಗ ಅತ್ತೆ ಹೇಳಿದಳು. ನನ್ನದು ಅವಳಿಂದಲೇ ಬಂದದ್ದು. ಅವಳದನ್ನು ಈವರೆಗೆ ಯಾರೂ ಕಂಡಿರಲಿಲ್ಲ, ಅಷ್ಟೇ. ಕೈಗನ್ನಡಿ ತಂದು ತೋರಿಸಿದೆ. ಅವಳು ಕಣ್ಣು ಮುಚ್ಚಿಕೊಂಡಳು.

"ತೆಗೆಸಿಬಿಡೇ ಪುಟ್ಟೀ. ಈ ತಲೆ ಹೊತ್ತುಕೊಂಡು ಸತ್ತರೆ ನನಗೆ ಗತಿಯಿಲ್ಲ."

"ನೀನು ಸಾಯುವುದಿಲ್ಲ. ಪ್ಲಾಸ್ಟರ್ ಬಿಚ್ಚಲಿ, ಆಮೇಲೆ ನೋಡೋಣ."

ನನಗೆ ಸುಖವಾಗಿದ್ದದ್ದು ಅವಳಿಗೆ ಮಾನ ಹೋಗುವ ವಿಷಯವಾಗಿತ್ತು. ನಾನು ಆ ಸುರುಳಿಗಳಲ್ಲಿ ಬೆರಳಾಡಿಸುವಾಗ ಅವಳ ಕಣ್ಣಂಚಿನಿಂದ ನೀರು ಇಳಿದು ಪ್ಲಾಸ್ಟರಿನ ಅಂಚಿಗೆ ಸೇರುತ್ತಿತ್ತು. ನಾನು ಅದನ್ನೂ ಒರೆಸುತ್ತಿದ್ದೆ, ಪ್ಲಾಸ್ಟರ್ ನೆನೆಯಬಾರದಲ್ಲ.

ಆಗ ಅಮ್ಮನ ಶ್ರಾದ್ಧ ಹತ್ತಿರ ಬಂತು. ನಾನು ಹುಟ್ಟಿದಂದಿನಿಂದ ಆ ಅಡಿಗೆಯನ್ನು ಅತ್ತೆ ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. "ನಿನ್ನ ಅಮ್ಮ ನನ್ನ ಕೈಗೆ ನಿನ್ನ ಹಾಕಿ ಹೋದಳು. ವರ್ಷಕ್ಕೊಂದು ದಿನ ಅವಳಿಗೆ ನಾನೇ ಬೇಯಿಸಿ ಹಾಕಬೇಕು" ಎನ್ನುತ್ತಿದ್ದಳು. ಈ ಸಲ ಅಡಿಗೆಯವರನ್ನು ಗೊತ್ತು ಮಾಡಿದ್ದೇವೆ ಎಂದು ಅಪ್ಪ ಹೇಳಿದಾಗ ಅವಳು ಏನೂ ಮಾತಾಡಲಿಲ್ಲ. ಅದು ನನಗೆ ಒಳ್ಳೆಯ ಲಕ್ಷಣವಾಗಿ ಕಂಡಿತು.

ಶ್ರಾದ್ಧದ ಹಿಂದಿನ ಸಂಜೆ ನಾನು ಮನೆಗೆ ಬಂದಾಗ ಅತ್ತೆಯ ತಲೆ ಬೋಳಾಗಿತ್ತು. ಅಪ್ಪ ಮಧ್ಯಾಹ್ನವೇ ಆಫೀಸಿನಿಂದ ಬಂದು ಕ್ಷೌರಿಕನನ್ನು ಕರೆಸಿದ್ದರು. ತಲೆ ಅಲುಗದಂತೆ ತಾವೇ ಹಿಡಿದಿದ್ದರಂತೆ. ಪ್ಲಾಸ್ಟರಿನ ಅಂಚಿನ ಹಿಂದೆ ಕತ್ತಿ ಆಡದ ಕಡೆ ಬಿಳಿಯ ಸುರುಳಿ ಒಂದೆರಡು ಉಳಿದಿತ್ತು. ನಾನು ಅಪ್ಪನ ಮೇಲೆ ಹರಿಹಾಯ್ದೆ. ಮನೆಯ ಒಡೆಯರು ಕೇಳಿಸಿಕೊಳ್ಳುವಷ್ಟು ಜೋರಾಗಿ ಕೂಗಾಡಿದೆ.

ಅಪ್ಪ ತಲೆ ತಗ್ಗಿಸಿ ನಿಂತಿದ್ದರು. "ಅವಳು ಜನ್ಮದಲ್ಲಿ ನನ್ನ ಹತ್ತಿರ ಏನೂ ಕೇಳಿದವಳಲ್ಲ. ಇದೊಂದು ಕೇಳಿದಳು" ಎಂದರು.

ಅತ್ತೆ ಮಾತ್ರ ಗೆಲುವಾಗಿದ್ದಳು. "ನಾಳೆ ಸುಮ್ಮಾ ಕೂತು ನೋಡ್ತೀನಿ ಕಣೇ. ಆ ತಲೆ ಇಟ್ಟುಕೊಂಡು ನಿನ್ನ ಅಮ್ಮನ ಮುಂದೆ ಹೇಗೆ ಕೂರಲಿ?" ಎಂದಳು. ನಾನು ನಂಬಿದೆ.

ಬೆಳಗಿನ ಜಾವ ಬಾವಿಯ ರಾಟೆಯ ಸದ್ದು ಕೇಳಿತು. ಶ್ರಾದ್ಧದ ದಿನ, ಅಪ್ಪ ಸ್ನಾನಕ್ಕೆ ಎದ್ದಿರಬೇಕು ಎಂದುಕೊಂಡೆ. ಮಗ್ಗುಲು ಬದಲಿಸಿದಾಗ ಕಂಡದ್ದು ಅತ್ತೆಯ ಖಾಲಿ ಚಾಪೆ, ಅದರಾಚೆ ಇನ್ನೂ ನಿದ್ದೆಯಲ್ಲಿದ್ದ ಅಪ್ಪ. ಎದ್ದು ಓಡಿದೆ. ಅತ್ತೆ ಬಾವಿಯ ಕಡೆಯಿಂದ ಆಗಲೇ ಅಡಿಗೆಮನೆಗೆ ಬಂದಿದ್ದಳು. ಒದ್ದೆ ಸೀರೆ. ನೆನೆದ ಪ್ಲಾಸ್ಟರಿನಿಂದ ಅಕ್ಕಿ ತೊಳೆದ ನೀರಿನಂಥ ಬಿಳಿಯ ನೀರು ಇಳಿದು ಅವಳ ಸೀರೆಯ ಮೇಲೆ ಹರಿಯುತ್ತಿತ್ತು. ಒಲೆ ಉರಿಯುತ್ತಿತ್ತು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಅವಳದೇ ಕಳೆ ಬಂದಿತ್ತು.

"ಅತ್ತೆ!"

"ಮುಟ್ಟಬೇಡ. ಮಡಿಯಲ್ಲಿದೀನಿ."

ನಾನು ಹೊಸ್ತಿಲಲ್ಲಿ ನಿಂತೆ. ಮುಟ್ಟಿದರೆ ಅವಳು ಮತ್ತೆ ಬಾವಿಗೆ ಹೋಗುತ್ತಾಳೆ, ಮತ್ತೆ ಕೊಡ ಸೇದುತ್ತಾಳೆ, ಮತ್ತೆ ಸುರಿದುಕೊಳ್ಳುತ್ತಾಳೆ. ಅವಳನ್ನು ಬಲ್ಲ ನನಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಸ್ನಾನ ಮಾಡಿ ಬಂದ ಅಪ್ಪನಾದರೆ ಅವಳನ್ನು ಮುಟ್ಟಬಹುದು. "ಅಲುಗಾಡಬೇಡ ಅತ್ತೆ, ಹಾಗೇ ನಿಂತಿರು" ಎಂದು ಬೇಡಿಕೊಂಡು ಅಪ್ಪನನ್ನು ಎಬ್ಬಿಸಿದೆ. ಅವರು ಎದ್ದೂ ಬಿದ್ದೂ ಹೋಗಿ ಒಂದು ಕೊಡ ನೀರನ್ನು ತಲೆಯ ಮೇಲೆ ಮಗುಚಿಕೊಂಡು ತೊಟ್ಟಿಕ್ಕುತ್ತ ಒಳಗೆ ಬಂದರು. ಅದೇ ಹೊತ್ತಿಗೆ ಅತ್ತೆ ಒಲೆಯ ಮೇಲೆ ಇಡಲು ನೀರಿನ ತಪ್ಪಲೆಗೆ ಬಾಗಿದಳು. ಕೈಯಿಂದ ತಪ್ಪಲೆ ಜಾರಿತು. ಅವಳು ನಿಂತಲ್ಲೇ ಕುಸಿದಳು. ಆಗ ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ, ನಾನು ಹಾರಿಹೋಗಿ ಅವಳ ತಲೆಯನ್ನು ಹಿಡಿದುಕೊಂಡೆ. ಪ್ಲಾಸ್ಟರ್ ನನ್ನ ಬೆರಳಿಗೆ ನಾದಿದ ಹಿಟ್ಟಿನಂತೆ ಸಿಕ್ಕಿತು. ಅವಳ ಕೈಕಾಲು ಆಡುತ್ತಿರಲಿಲ್ಲ.

ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಆ ತಲೆಯನ್ನು ನಾನೇ ಹಿಡಿದಿದ್ದೆ. ನಮ್ಮ ಮೇಜಿನ ಮೇಲೆ ಮಲಗಿಸಿ, ಮೆತ್ತಗಾದ ಪ್ಲಾಸ್ಟರನ್ನು ಕತ್ತರಿಸಿ ತೆಗೆದು, ಎರಡೂ ಕಡೆ ಮರಳಿನ ಚೀಲ ಇಟ್ಟೆ. ಬೇರೆಯವರು ತೆಗೆಯಲಿ ಎಂದು ಡಾಕ್ಟರು ಹೇಳಿದರು. ನಾನು ಬಿಡಲಿಲ್ಲ. ಅವಳ ಮುಖದ ಮೇಲೆ ಬಾಗಿ ಬಾಯಿ ತೆರೆದೆ. ನಾನು "ಆ" ಅನ್ನುವ ಮೊದಲೇ ಅವಳು ತೆರೆದಿದ್ದಳು. ಅಷ್ಟು ಸಲೀಸಾಗಿ ಬಾಯಿ ತೆರೆದ ರೋಗಿಯನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಪರದೆಯ ಹಿಂದಿನಿಂದ ನನ್ನ ದನಿ ಮಾತ್ರ ಕೇಳಿತು. ಅವಳಿಗೆ ದನಿ ತೆಗೆಯುವಷ್ಟು ಉಸಿರಿರಲಿಲ್ಲ.

ಫಿಲ್ಮಿನಲ್ಲಿ ಗೂಟ ಜಾರಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೇ ವಾಪಸು ಕೊಟ್ಟರು. ಅಪ್ಪ ಒದ್ದೆ ಪಂಚೆಯಲ್ಲೇ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅವರ ಪಕ್ಕ ಕೂತು ಅತ್ತು, ಒಳಗೆ ಹೋದೆ.

ಅತ್ತೆಯ ತುಟಿ ಒಣಗಿತ್ತು. "ನೀರು" ಎಂದಳು. ಕೋಣೆಯ ಮೂಲೆಯಲ್ಲಿ ನಮ್ಮೆಲ್ಲರ ಕುಡಿಯುವ ನೀರಿನ ಮಡಕೆ ಇತ್ತು. ಬೆಳಿಗ್ಗೆ ಆಯಾ ಕೊಳಾಯಿಯಿಂದ ಹಿಡಿದು ತುಂಬಿದ್ದ ನೀರು. ಎಲ್ಲರೂ ಅದ್ದುವ ಲೋಟ. ಬಾವಿಯ ನೀರಿಗಾಗಿ ತಿರುವಲ್ಲಿಕ್ಕೇಣಿಗೆ ಹೋಗಿ ಬರುವಷ್ಟು ಹೊತ್ತು ಅವಳಲ್ಲಿ ಉಳಿದಿಲ್ಲವೆಂದು ಅವಳ ಎದೆ ಏಳುವುದನ್ನು ನೋಡಿಯೇ ತಿಳಿಯುತ್ತಿತ್ತು. ಒಂದು ಚಮಚ ಎತ್ತಿಕೊಂಡೆ. ಹಿಂದಿನ ದಿನದ ಬಟ್ಟೆಯಲ್ಲೇ ಇದ್ದೆ, ಉಗುರಿನ ಸಂದಿಯಲ್ಲೆಲ್ಲ ಪ್ಲಾಸ್ಟರ್ ಮೆತ್ತಿತ್ತು, ಅಂಗೈಯಲ್ಲಿ ಕತ್ತಲೆ ಕೋಣೆಯ ದ್ರಾವಣದ ಹುಳಿ ವಾಸನೆಯಿತ್ತು.

"ಆ ಅನ್ನು ಅತ್ತೆ."

ಅವಳು ನನ್ನ ಮುಖ ನೋಡುತ್ತ ಬಾಯಿ ತೆರೆದಳು. ನೀರು ಇಳಿಯಿತು. ಇನ್ನೊಂದು ಚಮಚ ಹಿಡಿದೆ, ಅದೂ ಇಳಿಯಿತು. ನಾನು ಆ ಪ್ರಶ್ನೆಗಾಗಿ ಕಾದೆ. ಬಸ್ಸಿನಲ್ಲೇ ಮಾಡಿಕೊಂಡು ಬಂದೆ ಎಂದು ಹೇಳಲು ಉತ್ತರವೂ ನಾಲಿಗೆಯ ತುದಿಯಲ್ಲಿ ಇತ್ತು. ಸ್ನಾನ ಆಯ್ತೇನೆ ಎಂದು ಅವಳು ಕೇಳಲಿಲ್ಲ.